ಬೀಗದ ಕೈ

ಮಂಡ್ಯ ಕಡೆಯ ರೈತರ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೊರದೇಶಕ್ಕೆ ಹೊರಡಬೇಕಾದರೆ ಮೊದಲ ಅಡ್ಡಿ ವೀಸಾ ಅಲ್ಲ, ಹಸು. ಬೆಳಗ್ಗೆ ಸಂಜೆ ಎರಡು ಹೊತ್ತು ಹಾಲು ಕರೆದು ಊರಿನ ಡೈರಿಗೆ ಹಾಕಬೇಕು. ಅಲ್ಲಿಂದ ಅದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ, ಜಿಲ್ಲಾ ಹಾಲು ಒಕ್ಕೂಟಕ್ಕೆ ಸೇರುತ್ತದೆ. ಹತ್ತಿರದ ನೆಂಟರ ಮದುವೆಯಲ್ಲೂ ‘ಹಾಲಿನ ಹೊತ್ತಾಯ್ತು’ ಎಂದು ಎದ್ದು ಬಸ್ಸು ಹಿಡಿಯುವ ಜನ ಇವರು. ಜರ್ಮನಿಯಲ್ಲಿ ಓದುತ್ತಿದ್ದ ನನ್ನನ್ನು ನೋಡಲು ಅಪ್ಪ ಅವ್ವ 2024ರ ಬೇಸಿಗೆಯಲ್ಲಿ ಬಂದರು. ಬಂದದ್ದಕ್ಕೆ ಮಗಳ ಮೇಲಿನ ಆಸೆಯೊಂದೇ ಕಾರಣವಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು, 124.80 ಅಡಿಯ ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗ. ಕಟ್ಟೆ ತುಂಬಿದ ವರ್ಷವೇ ನೀರು ಬಂದು ಮುಟ್ಟುವಾಗ ಸುಸ್ತಾಗಿರುತ್ತದೆ. ಗದ್ದೆ ಬೀಳು ಬಿದ್ದಿತ್ತು. ಹಸುಗಳನ್ನು ಚಿಕ್ಕಪ್ಪನ ಮನೆಯವರು ನೋಡಿಕೊಳ್ಳಲು ಒಪ್ಪಿದರು. “ನಾಲೇಲಿ ನೀರಿದ್ದಿದ್ರೆ ನಾನೆಲ್ಲಿ ಬತ್ತಿದ್ದೆ?” ಎಂದು ಅಪ್ಪ ಆಮೇಲೆ ಎಷ್ಟೋ ಸಲ ಹೇಳಿ ನಕ್ಕ.

ಹಸುವಿನ ಏರ್ಪಾಡು ಮುಗಿದ ಮೇಲೆ ಕಾಗದದ್ದು. ವ್ಯವಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಅಪ್ಪನ ಹತ್ತಿರ ತೆರಿಗೆ ಕಟ್ಟಿದ ಚೀಟಿ ಇಲ್ಲ. ಸಂಬಳದ ಚೀಟಿಯಂತೂ ಇಲ್ಲವೇ ಇಲ್ಲ. ಇರುವುದು ಪಹಣಿ, ತಾಲ್ಲೂಕು ಕಚೇರಿಯ ಆದಾಯ ಪತ್ರ, ಡೈರಿಯ ಹಾಲಿನ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ಕು. ಇವನ್ನೆಲ್ಲ ಇಂಗ್ಲಿಷಿಗೆ ಮಾಡಿಸಿ, ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ಕೊಡಬೇಕು. ಕಬ್ಬಿನ ಗರಿ, ಗುದ್ದಲಿ, ಗೊಬ್ಬರಗಳಲ್ಲಿ ಸವೆದ ಅಪ್ಪನ ಬೆರಳನ್ನು ನಮ್ಮೂರ ನ್ಯಾಯಬೆಲೆ ಅಂಗಡಿಯ ಯಂತ್ರವೂ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಕರೆಸಿಕೊಳ್ಳುವವರೇ ಖರ್ಚು ವಹಿಸಿಕೊಳ್ಳುತ್ತೇವೆಂದು ಜರ್ಮನಿಯ ಕಚೇರಿಯಲ್ಲಿ ಮುಚ್ಚಳಿಕೆ ಬರೆದುಕೊಡುವ ದಾರಿಯೊಂದಿದೆ. ವಿದ್ಯಾರ್ಥಿಗೆ ಅದು ಸುಲಭವಲ್ಲ. ಅಲ್ಲಿ ಓದುವವರು ತಮ್ಮ ಹೊಟ್ಟೆಬಟ್ಟೆಗೆಂದು ಮೊದಲೇ ಒಂದು ಖಾತೆಯಲ್ಲಿ ಕಟ್ಟಿಡಬೇಕಾದ ಹಣ ಆಗ ವರ್ಷಕ್ಕೆ 11,208 ಯೂರೊ ಇತ್ತು, ಅದೇ ಸೆಪ್ಟೆಂಬರಿನಿಂದ 11,904 ಆಯಿತು. ತಿಂಗಳಿಗೆ ಇಷ್ಟೇ ಎಂದು ಅಳೆದು ಬಿಡುತ್ತಾರೆ. ಅದು ಒಬ್ಬಳ ಬದುಕಿಗೆ ಲೆಕ್ಕ ಹಾಕಿದ ದುಡ್ಡು, ಮೂರು ತಟ್ಟೆಗಲ್ಲ. ಅಂದರೆ ನೆಂಟರು ತಮ್ಮ ಖರ್ಚು ತಾವೇ ತೋರಿಸಿ ಬರಬೇಕು. ಅಪ್ಪ ಅದಕ್ಕೇನೂ ಅಂದುಕೊಳ್ಳಲಿಲ್ಲ, ನನಗೇ ಕಸಿವಿಸಿ.

ಇದಕ್ಕಿಂತ ವಿಚಿತ್ರ ಅನಿಸಿದ್ದು ಆಹ್ವಾನ ಪತ್ರ. ‘ನನ್ನ ತಂದೆಯನ್ನೂ ತಾಯಿಯನ್ನೂ ಇಂಥ ದಿನದಿಂದ ಇಂಥ ದಿನದವರೆಗೆ ಕರೆಯುತ್ತಿದ್ದೇನೆ’ ಎಂದು ಸಹಿ ಹಾಕಿ ಕೊಡಬೇಕು. ನಮ್ಮ ಕಡೆ ಬಂದವರನ್ನು ಹೋಗುವ ದಿನ ಕೇಳುವುದು ಅಪಚಾರ. ಮಳವಳ್ಳಿಯ ಪಟ್ಟಲದಮ್ಮನ ಸಿಡಿ ಹಬ್ಬಕ್ಕೆ ಬಂದ ನೆಂಟರು ಹೊರಟು ನಿಂತರೆ ‘ಇನ್ನೆರಡು ದಿನ ಇದ್ದು ಹೋಗ್ರಪ್ಪ’ ಅನ್ನದಿದ್ದರೆ ಅದು ವರ್ಷಗಟ್ಟಲೆ ಮಾತಾಗುತ್ತದೆ. ಇಲ್ಲಿ ನೋಡಿದರೆ, ಬರುವುದಕ್ಕೆ ಮೊದಲೇ ಖಂಡಿತ ವಾಪಸು ಹೋಗುತ್ತಾರೆಂದು ಸಾಬೀತು ಮಾಡಬೇಕು. ಅದಕ್ಕೆ ಅಪ್ಪನ ಬಳಿ ಇದ್ದ ಅತಿ ದೊಡ್ಡ ಸಾಕ್ಷಿ ಭೂಮಿಯೇ. ಬೀಳು ಬಿದ್ದ ಗದ್ದೆಯ ಪಹಣಿ ‘ಈತ ಮರಳಿ ಬರುತ್ತಾನೆ’ ಎಂದು ಬೇರೊಂದು ದೇಶಕ್ಕೆ ಭರವಸೆ ಕೊಟ್ಟಿತು.

ಹೊರದೇಶದ ಓದು ನಮ್ಮ ಜಿಲ್ಲೆಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೋಗಿ, ಡಲ್ಲಾಸ್ ಮತ್ತು ವಾಷಿಂಗ್ಟನ್‌ನಲ್ಲಿ ಓದಿ ಬಂದು 1962ರಲ್ಲಿ ಮದ್ದೂರಿನಿಂದ ಶಾಸಕರಾದರು. ಆ ಕಾಲದಲ್ಲಿ ಹೊರದೇಶದ ಓದೆಂದರೆ ಹೋಗುವವನೊಬ್ಬನ ಪ್ರಯಾಣ. ಅವನಿಗೂ ಊರಿಗೂ ನಡುವೆ ಇದ್ದದ್ದು ಕಾಗದ. ಅದೇ 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಕೆ.ವಿ. ಶಂಕರಗೌಡರ ಜನತಾ ಶಿಕ್ಷಣ ಟ್ರಸ್ಟ್ ಕಟ್ಟಿದ ಆ ಕಾಲೇಜಿನಿಂದ ನಮ್ಮಂಥ ಎಷ್ಟೋ ಮನೆಗಳ ಮೊದಲ ಎಂಜಿನಿಯರುಗಳು ಹೊರಬಂದರು, ಅವರ ಹಿಂದೆಯೇ ಹೊರದೇಶದ ದಾರಿಯೂ ತೆರೆಯಿತು. ಈಗ ಮಗಳೋ ಮಗನೋ ಹೋದ ಎರಡನೇ ವರ್ಷಕ್ಕೆ ‘ನೀವೂ ಒಂದ್ ಸಲ ಬಂದೋಗಿ’ ಎಂಬ ಮಾತು ಬರುತ್ತದೆ.

ಹಾಗೆ ಹೋದವರು ಕನ್ನಡದಲ್ಲಿ ಚೆನ್ನಾಗಿಯೇ ಬರೆದಿದ್ದಾರೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಆದರೆ ಇವೆಲ್ಲ ಬಂದವರ ಬರಹ. ಬರಮಾಡಿಕೊಂಡವರು, ಅದರಲ್ಲೂ ಇನ್ನೂ ಓದುತ್ತಿರುವ, ಸ್ವಂತ ಮನೆಯಿಲ್ಲದ ಮಕ್ಕಳು, ಅಷ್ಟಾಗಿ ಬರೆದಿಲ್ಲ. ಅವರಿಗೆ ಪಾತ್ರೆ ತೊಳೆದು, ಮಾರನೆಯ ದಿನದ ತರಗತಿಗೆ ಓದಿಕೊಳ್ಳುವುದರಲ್ಲೇ ಹೊತ್ತು ಹೋಗಿರಬೇಕು.

ನಾನಿದ್ದ ಊರು ಆಖೆನ್. ಜರ್ಮನಿಯ ಪಶ್ಚಿಮದ ತುದಿ. ಬೆಲ್ಜಿಯಂ, ನೆದರ್ಲೆಂಡ್ಸ್ ಎರಡೂ ಊರಿನ ಅಂಚಿಗೇ ಇವೆ. ವಿದ್ಯಾರ್ಥಿ ನಿಲಯದಲ್ಲಿ ನನಗೊಂದು ಕೋಣೆ, ಅಡುಗೆಮನೆ ಎಲ್ಲರಿಗೂ ಒಂದೇ. ಊರಿಗೆ ಹೋಗಿದ್ದ ಗೆಳತಿಯೊಬ್ಬಳ ಚಿಕ್ಕ ಮನೆಯನ್ನು ಅಷ್ಟು ದಿನಕ್ಕೆ ಬಾಡಿಗೆಗೆ ಹಿಡಿದು ಅಲ್ಲಿ ಅಪ್ಪ ಅವ್ವನನ್ನು ಇಳಿಸಿದೆ. ಅಲ್ಲಿ ಮಲಗುವುದು, ಅಡುಗೆ ಮಾತ್ರ ಹೆಚ್ಚಿನ ದಿನ ನಮ್ಮ ನಿಲಯದಲ್ಲೇ. ಅವ್ವನಿಗೆ ನಾನು ದಿನಾ ಉಣ್ಣುವ ಜಾಗ ನೋಡಬೇಕಿತ್ತು. ಗಂಟಿನಲ್ಲಿ ರಾಗಿ ಹಿಟ್ಟು, ಹುರುಳಿಕಾಳು, ಆಲೆಮನೆಯ ಅಚ್ಚು ಬೆಲ್ಲ, ಸಾರಿನ ಪುಡಿ, ಜೊತೆಗೆ ಹಿಟ್ಟು ತೊಳಸುವ ಕೋಲು. ಹಾಲಿನ ಪದಾರ್ಥವನ್ನು ಹೊರಗಿನಿಂದ ಯೂರೋಪಿಗೆ ತರುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಊರಲ್ಲೇ ಉಳಿಯಿತು. ಬಹಳ ದಿನ ಅವ್ವನಿಗೆ ಅದೇ ಕೊರಗು.

ಮೊದಲ ವಾರ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಆಖೆನ್‌ನ ಮಹಾ ಇಗರ್ಜಿ ತೋರಿಸಿದೆ. ಸಾವಿರದ ಇನ್ನೂರು ವರ್ಷದ ಹಿಂದೆ ಶಾರ್ಲಮೇನ್ ಕಟ್ಟಿಸಿದ್ದು, 1978ರಲ್ಲಿ ಯುನೆಸ್ಕೊ ಮೊದಲ ಬಾರಿ ವಿಶ್ವ ಪರಂಪರೆಯ ಪಟ್ಟಿ ಮಾಡಿದಾಗ ಅದರಲ್ಲಿದ್ದ ಹನ್ನೆರಡು ತಾಣಗಳಲ್ಲಿ ಒಂದು. ಮೂರು ದೇಶಗಳು ಸೇರುವ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಗಡಿಕಲ್ಲಿನ ಸುತ್ತ ಒಂದು ಸುತ್ತು ಹಾಕಿಸಿ ಫೋಟೊ ತೆಗೆದೆ. ಕಾಫಿ ಕುಡಿಸಿದೆ. ಬಿಲ್ಲು ಬಂದಾಗ ಅಪ್ಪನ ತುಟಿ ಅಲುಗುತ್ತಿತ್ತು, ಯೂರೊವನ್ನು ತೊಂಬತ್ತರಿಂದ ಗುಣಿಸುತ್ತಿದ್ದ. ಒಂದು ಲೋಟ ಕಾಫಿಗೆ ಮುನ್ನೂರು ರೂಪಾಯಿ, ಎಂದರೆ ಹತ್ತಿರ ಹತ್ತಿರ ಹತ್ತು ಲೀಟರ್ ಹಾಲಿನ ದುಡ್ಡು. ಮಾರನೆಯ ದಿನದಿಂದ “ನನಗೆ ಕಾಫಿ ಸೇರಲ್ಲ” ಎಂದುಬಿಟ್ಟ. ಎಲ್ಲವನ್ನೂ ನೋಡಿದರು, ಯಾವುದಕ್ಕೂ ಬೇಡ ಅನ್ನಲಿಲ್ಲ. ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತರೆ ಇಬ್ಬರ ಮುಖದಲ್ಲೂ ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿಕೊಳ್ಳಲು ಕೂತವರ ದಣಿವು. “ಹೆಂಗಿತ್ತಪ್ಪ?” ಎಂದರೆ, “ಚೆಂದಾಗಿತ್ತು ಕಣ್ ಮಗ. ನೋಡಾಯ್ತಲ್ಲ.”

ಆ ‘ನೋಡಾಯ್ತಲ್ಲ’ ನನ್ನನ್ನು ಬಹಳ ಕಾಡಿತು. ಊರಿಗೆ ನೆಂಟರು ಬಂದಾಗ ನಾವು ಅವರಿಗೆ ಏನು ತೋರಿಸುತ್ತಿದ್ದೆವು? ನೆನಪು ಮಾಡಿಕೊಂಡರೆ ಏನೂ ಇಲ್ಲ. ಶಿವನಸಮುದ್ರ ನಮಗೆ ಹತ್ತಿರವೇ, ಗಗನಚುಕ್ಕಿಗೆ ಬಸ್ಸಿನಲ್ಲಿ ಹೋಗಿಬರಬಹುದು. ಆದರೂ ಮಾವ ಬಂದರೆಂದು ಗಗನಚುಕ್ಕಿ ತೋರಿಸಲು ಯಾರೂ ಕರೆದೊಯ್ದದ್ದಿಲ್ಲ. ಬಂದವರು ಕೈಕಾಲು ತೊಳೆದು, ಉಂಡು, ಜಗಲಿಯ ಮೇಲೆ ಉರುಳಿಕೊಳ್ಳುತ್ತಿದ್ದರು. ಎದ್ದವರು ತಾವಾಗಿ ಅಂಗಡಿ ಕಡೆ ಹೋಗುತ್ತಿದ್ದರು, ಅರಳಿಕಟ್ಟೆಯಲ್ಲಿ ಕೂತವರ ಜೊತೆ ಬೆಲ್ಲದ ರೇಟು ಮಾತಾಡುತ್ತಿದ್ದರು, ಗದ್ದೆ ಬದುವಿನ ಮೇಲೆ ನಿಂತು ‘ಗೊಬ್ಬರ ಸಾಲದು’ ಎಂದು ತೀರ್ಪು ಕೊಡುತ್ತಿದ್ದರು. ಮಾವಂದಿರು ಡೈರಿಗೆ ಹಾಲಿನ ಕ್ಯಾನು ಹಿಡಿದು ಹೋದದ್ದೂ ಉಂಟು. ಅಂದರೆ ನೆಂಟರನ್ನು ನೋಡಿಕೊಂಡದ್ದು ನಮ್ಮ ಮನೆಯಲ್ಲ, ಊರು. ಮನೆಯವರ ಪಾಲಿಗೆ ಬರುತ್ತಿದ್ದದ್ದು ಅಡುಗೆ. ಅದೂ ಮನೆಯವರು ಎಂದರೆ ಹೆಂಗಸರು: ಒಲೆ ಮುಂದೆ ಅವ್ವ, ನೀರು ತರಲು, ಎಲೆ ಹಾಕಲು ನಾನು. ಗಂಡಸರ ಆತಿಥ್ಯವೆಂದರೆ ‘ಇನ್ನೊಂದ್ ತುತ್ತು ಇಕ್ಕು’ ಎಂದು ಒಳಗೆ ಕೂಗುವುದು. ನಮ್ಮ ಕಡೆಯ ಬಾಡೂಟದ ಧಾರಾಳತನವನ್ನು ಹೊಗಳುವವರು ಒಲೆಯ ಕಡೆಗೂ ಒಮ್ಮೆ ನೋಡಿ ಹೊಗಳಿದರೆ ಒಳ್ಳೆಯದು.

ಹೊರದೇಶದಲ್ಲಿ ಈ ಎಲ್ಲವೂ ಒಬ್ಬರ ತಲೆಗೆ ಬೀಳುತ್ತವೆ. ಅಡುಗೆಮನೆ ನೀವೇ, ಜಗಲಿ ನೀವೇ, ಅರಳಿಕಟ್ಟೆ ನೀವೇ, ದಾರಿ ತೋರುವವರೂ ಮಾತು ತಿಳಿಸಿ ಹೇಳುವವರೂ ನೀವೇ. ಇತ್ತ ಬಂದವರ ಪಾಡು ಇನ್ನೂ ಕಷ್ಟ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಸರದಿಯ ನೀರನ್ನು ಗದ್ದೆಗೆ ತಿರುಗಿಸಿಕೊಂಡು ಬರುವ ಮನುಷ್ಯ ಅಪ್ಪ. ಅಂಥವನು ರಸ್ತೆ ದಾಟಲು ದೀಪದ ಕಂಬದ ಗುಂಡಿ ಒತ್ತಬೇಕೋ ಬೇಡವೋ ಎಂದು ಮಗಳ ಮುಖ ನೋಡುತ್ತಾ ನಿಂತ. ಅದನ್ನು ನೋಡಿ ನನಗೆ ನಗು ಬರಲಿಲ್ಲ. ತಂದೆ ತಾಯಿಯನ್ನು ಕರೆಸಿಕೊಂಡು ನಾವು ಅವರಿಂದ ಮೊದಲು ಕಿತ್ತುಕೊಳ್ಳುವುದು ಅವರ ಬಲವನ್ನೇ. ಆಮೇಲೆ ಕೈ ಹಿಡಿದು ನಡೆಸಿ, ಅದನ್ನು ಪ್ರೀತಿ ಎಂದು ಕರೆದುಕೊಳ್ಳುತ್ತೇವೆ. ಹತ್ತು ದಿನದಲ್ಲಿ ಆರು ದೇಶ ಸುತ್ತಿಸುವ ಪ್ರವಾಸಗಳಲ್ಲಿ ನಮ್ಮ ಹಿರಿಯರು ಟೋಪಿ ಹಾಕಿಕೊಂಡು ಬಾವುಟದ ಹಿಂದೆ ಸಾಲಾಗಿ ನಡೆಯುವುದನ್ನು ಕಂಡಾಗಲೂ ನನಗೆ ಇದೇ ಅನಿಸುತ್ತದೆ.

ಬಿಡುಗಡೆ ಬಂದದ್ದು ನನ್ನ ಒಳ್ಳೆಯತನದಿಂದಲ್ಲ, ಓದಿನ ಒತ್ತಡದಿಂದ. ಏಪ್ರಿಲಿನಿಂದ ಜುಲೈವರೆಗೆ ಅಲ್ಲಿ ಬೇಸಿಗೆಯ ತರಗತಿಗಳು. ಪ್ರಯೋಗಾಲಯದಲ್ಲಿ ನನ್ನ ಪ್ರಬಂಧದ ಕೆಲಸ ಬೇರೆ ತಲೆಯ ಮೇಲೆ ಬಂತು. ಎರಡನೇ ವಾರದಿಂದ ಬೆಳಗ್ಗೆ ಹೋದರೆ ನಾನು ಬರುವುದು ಸಂಜೆ. ಒಂದು ಚೀಟಿಯಲ್ಲಿ ಮನೆಯ ವಿಳಾಸವನ್ನು ಜರ್ಮನ್ ಅಕ್ಷರದಲ್ಲಿ ಬರೆದು, ಅದರ ಕೆಳಗೆ ಹೇಗೆ ಓದಬೇಕೆಂದು ಕನ್ನಡದಲ್ಲಿ ಬರೆದೆ. ಇಳಿಯಬೇಕಾದ ಬಸ್ ನಿಲ್ದಾಣದ ಹೆಸರನ್ನೂ ಹಾಗೆಯೇ. ದೇಶದ ಎಲ್ಲ ಊರ ಬಸ್ಸಿಗೂ ಸಾದಾ ರೈಲಿಗೂ ನಡೆಯುವ ತಿಂಗಳ ಟಿಕೆಟ್ ಆಗ 49 ಯೂರೊಗೆ ಸಿಗುತ್ತಿತ್ತು. ಅದನ್ನು ಇಬ್ಬರಿಗೂ ಮಾಡಿಸಿದೆ, ಇನ್ನೊಂದು ಬೀಗದ ಕೈ ಕೊಟ್ಟೆ. “ನೀನ್ ಓದ್ಕೊ ಹೋಗು. ನಾವೇನ್ ಕೂಸುಗಳಾ?” ಎಂದಳು ಅವ್ವ.

ಅವ್ವ ಮೊದಲು ಕಂಡುಹಿಡಿದದ್ದು ಸಂತೆಯನ್ನು. ಹಳೆಯ ಪುರಭವನದ ಮುಂದಿನ ಚೌಕದಲ್ಲಿ ವಾರದ ಸಂತೆ ಕೂಡುತ್ತದೆ. ಸಂತೆಯಲ್ಲಿ ಅವಳಿಗೆ ಯಾರ ಭಾಷೆಯ ಹಂಗೂ ಬೇಕಾಗಲಿಲ್ಲ. ಬೆರಳು ಸಾಕು, ತಲೆ ಅಲ್ಲಾಡಿಸಿದರೆ ಸಾಕು. ಜರ್ಮನರಿಗೆ ನವಿಲುಕೋಸು ಪ್ರಾಣ, ಆದರೆ ಅದರ ಎಲೆಯನ್ನು ಅಂಗಡಿಯಲ್ಲೇ ಮುರಿದು ಬುಟ್ಟಿಗೆ ಹಾಕುತ್ತಾರೆ. ಕೆಲವರು ಸಾಕಿದ ಮೊಲಕ್ಕೆಂದು ಒಯ್ಯುತ್ತಾರೆ. ಮೂಲಂಗಿಯ ಸೊಪ್ಪಿನ ಗತಿಯೂ ಅದೇ. ಅವ್ವ ಆ ಎಲೆಗಳನ್ನು ಕೇಳಿ ತಂದು ಬಸ್ಸಾರು ಮಾಡಿದಳು. ಅಂಗಡಿಯವಳು ಇವರ ಮನೆಯಲ್ಲಿ ಎಷ್ಟು ಮೊಲಗಳಿವೆಯೋ ಎಂದುಕೊಂಡಿರಬೇಕು. ನಾನು ಹೋಗಿ ಅದು ನಮ್ಮ ಊಟಕ್ಕೆ ಎಂದು ವಿವರಿಸುವಷ್ಟರಲ್ಲಿ ಅವರಿಬ್ಬರಿಗೂ ಬಳಕೆ ಬೆಳೆದು, ನನ್ನ ವಿವರಣೆ ಯಾರಿಗೂ ಬೇಕಾಗಿರಲಿಲ್ಲ.

ಅಪ್ಪ ಹಿಡಿದದ್ದು ಬೇರೆ ದಾರಿ. ಅಲ್ಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರೋ ಪಾನೀಯವೋ ಕೊಂಡರೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ತೂರಿಸಿದರೆ ಚೀಟಿ ಬರುತ್ತದೆ, ಚೀಟಿಗೆ ದುಡ್ಡು. ನಿಲಯದ ಹುಡುಗರು ಮೂಲೆಯಲ್ಲಿ ರಾಶಿ ಹಾಕಿದ್ದ ಬಾಟಲಿಗಳನ್ನು ಅವರ ಒಪ್ಪಿಗೆ ಪಡೆದು ಒಯ್ದು, ಎಂಟು ಬಾಟಲಿಗೆ ಎರಡು ಯೂರೊ ಎಂದು ಲೆಕ್ಕ ಒಪ್ಪಿಸುವುದು ಅಪ್ಪನ ಕೆಲಸವಾಯಿತು. ಉದ್ಯಾನದಲ್ಲಿ ವಯಸ್ಸಾದವರು ಕಸದ ಡಬ್ಬಿಗೆ ಕೈ ಹಾಕಿ ಅದೇ ಬಾಟಲಿ ಹುಡುಕುವುದನ್ನು ನೋಡಿ ಬಂದ ಸಂಜೆ ಮಾತ್ರ ಗಂಭೀರವಾಗಿದ್ದ. “ಇಲ್ಲೂ ಅವ್ರೆ ಬಡವ್ರು” ಎಂದ. ಅಲ್ಲಿದ್ದ ಅಷ್ಟು ಕಾಲದಲ್ಲಿ ಆ ಮುದುಕರನ್ನು ನಾನೂ ದಿನಾ ನೋಡುತ್ತಿದ್ದೆ. ನೋಡಿ ದಾಟಿ ಹೋಗುತ್ತಿದ್ದೆ.

ಹೀಗೆ ನೋಡುವುದಕ್ಕೂ ಕಾಣುವುದಕ್ಕೂ ಇರುವ ದೂರವನ್ನು ಅಪ್ಪ ಮತ್ತೆ ಮತ್ತೆ ತೋರಿಸಿದ. ಊರ ಅಂಚಿನಲ್ಲಿ ಸಾಲು ಸಾಲಾಗಿ ಪುಟ್ಟ ಕೈತೋಟಗಳಿವೆ, ಜರ್ಮನಿಯ ಎಲ್ಲ ಊರಿನಲ್ಲೂ ಇರುವಂಥವು. ಸ್ವಂತ ಹಿತ್ತಿಲಿಲ್ಲದ ಪಟ್ಟಣದವರು ಸಂಘದಿಂದ ಗುತ್ತಿಗೆಗೆ ಪಡೆಯುವ ತುಂಡು ನೆಲ. ಅಪ್ಪ ಅಲ್ಲಿ ಬೇಲಿಯ ಹೊರಗೆ ನಿಂತು ನೋಡುವುದು, ಒಳಗಿನ ಒಬ್ಬ ಅಜ್ಜ ಹುರುಳಿಕಾಯಿ ಬಳ್ಳಿಗೆ ಕೋಲು ನೆಡುತ್ತಾ ಇವನನ್ನು ನೋಡುವುದು, ಹೀಗೆ ಕೆಲವು ದಿನ ನಡೆದು, ಒಂದು ದಿನ ಬೇಲಿಯ ಬಾಗಿಲು ತೆರೆಯಿತು. ಎಷ್ಟು ಜಾಗ ಎಂದು ನನ್ನಿಂದ ಕೇಳಿಸಿದ. ಕಾನೂನಿನ ಪ್ರಕಾರ ಒಬ್ಬರ ತೋಟ 400 ಚದರ ಮೀಟರು ಮೀರುವಂತಿಲ್ಲ. “ನಾಕ್ ಗುಂಟೆ” ಎಂದ ಅಪ್ಪ ಥಟ್ಟನೆ. ಅದರಲ್ಲಿ ಸುಮಾರು ಮೂರನೇ ಒಂದು ಭಾಗವನ್ನಾದರೂ ಹಣ್ಣು ತರಕಾರಿಗೆ ಬಿಡಬೇಕು, ಬರೀ ಹುಲ್ಲು ಹೂವು ಬೆಳೆಸಿಕೊಂಡಿರುವಂತಿಲ್ಲ ಎಂದಾಗ ಬಹಳ ಮೆಚ್ಚಿದ. ಮಂಡ್ಯದ ಸುತ್ತ ಗದ್ದೆಗಳು ನಿವೇಶನಗಳಾಗುತ್ತಿರುವುದನ್ನು ಕಂಡವನಿಗೆ ತರಕಾರಿಯ ಪರ ನಿಲ್ಲುವ ಕಾನೂನೆಂದರೆ ಅಚ್ಚರಿಯೇ. ಮರುದಿನದಿಂದ ಆ ಅಜ್ಜನ ತೋಟದಲ್ಲಿ ಅಪ್ಪನಿಗೂ ಒಂದಿಷ್ಟು ಕೆಲಸ ಇತ್ತು. ಇಬ್ಬರ ನಡುವೆ ಮಾತು ಯಾವ ಭಾಷೆಯಲ್ಲಿ ನಡೆಯುತ್ತಿತ್ತೋ ನಾನು ಕೇಳಲು ಹೋಗಲಿಲ್ಲ.

ಆಖೆನ್‌ನಿಂದ ಕಲೋನ್‌ಗೆ ರೈಲಿನಲ್ಲಿ ಒಂದು ಗಂಟೆಯ ಹಾದಿ. ಕಿಟಕಿಯಾಚೆ ದೂರದವರೆಗೂ ಸಪಾಟು ಹೊಲ, ಸಾಲು ಹಿಡಿದು ಮೇಲೇಳುತ್ತಿರುವ ಹಸಿರು ಎಲೆ. “ಇದೇನು ಬೆಳೆ ಮಗ?” ನನಗೆ ಗೊತ್ತಿರಲಿಲ್ಲ. ಆ ರೈಲಿನಲ್ಲಿ ಎಷ್ಟು ಸಲ ಓಡಾಡಿದ್ದೆನೋ, ಅದು ಬೆಳೆ ಎಂಬುದೇ ನನ್ನ ಮನಸ್ಸಿಗೆ ಬಂದಿರಲಿಲ್ಲ. ತೋಟದ ಅಜ್ಜನನ್ನು ಕೇಳಿದರೆ, ಸಕ್ಕರೆ ಬೀಟು. ಆ ಬಯಲು ಇಡೀ ಸಕ್ಕರೆ ಬೀಟಿನದು, ಹತ್ತಿರದ ಯೂಲಿಷ್‌ನಲ್ಲಿ ಕಾರ್ಖಾನೆಯೇ ಇದೆ.

ಸಕ್ಕರೆ ನಾಡಿನವನಿಗೆ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನು? ನಾಲೆ ಬಂದು ಕಬ್ಬು ಬಂದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಕತೆಯನ್ನು ಅಪ್ಪ ತನ್ನ ಅಪ್ಪನಿಂದ ಕೇಳಿದವನು. ಗೆಡ್ಡೆಯಿಂದ ಸಕ್ಕರೆ ಎಂದರೆ ನಂಬಲಿಲ್ಲ. 1747ರಲ್ಲಿ ಬರ್ಲಿನ್ನಿನ ಮಾರ್ಗ್‌ಗ್ರಾಫ್ ಎಂಬ ವಿಜ್ಞಾನಿ ಬೀಟಿನಲ್ಲಿ ಕಬ್ಬಿನದೇ ಸಕ್ಕರೆಯಿದೆ ಎಂದು ತೋರಿಸಿದ್ದು, ಅವನ ಶಿಷ್ಯ ಆಖಾರ್ಡ್ 1801ರಲ್ಲಿ ಮೊದಲ ಕಾರ್ಖಾನೆ ಹೂಡಿದ್ದು, ಇವನ್ನು ನಾನು ಓದಿ ಹೇಳಿದೆ. ಅಪ್ಪನ ಪ್ರಶ್ನೆಗಳು ಬೇರೆ ಇದ್ದವು. ಎಷ್ಟು ತಿಂಗಳ ಬೆಳೆ? ನೀರೆಷ್ಟು ಬೇಕು? ನೂರು ಕೆಜಿಗೆ ಎಷ್ಟು ಸಕ್ಕರೆ? ವಸಂತದಲ್ಲಿ ಬಿತ್ತಿ ಸೆಪ್ಟೆಂಬರಿನಿಂದ ಕೀಳುತ್ತಾರೆ, ಹೆಚ್ಚಾಗಿ ಮಳೆಯ ನೀರೇ, ಗೆಡ್ಡೆಯಲ್ಲಿ ಶೇಕಡ 16ರಿಂದ 18 ಸಕ್ಕರೆ ಎಂದು ಹುಡುಕಿ ಹೇಳಿದಾಗ ಸುಮ್ಮನೆ ಕೂತ. ನಮ್ಮ ಕಬ್ಬು ಹನ್ನೆರಡು ತಿಂಗಳು ನೀರು ಕುಡಿಯುತ್ತದೆ. ಕೊನೆಗೆ ಕೇಳಿದ್ದು, “ಕಾರ್ಖಾನೆಯವ್ರು ದುಡ್ಡು ಯಾವಾಗ ಕೊಡ್ತಾರೆ?”

ಕಲೋನ್‌ನಲ್ಲಿ ಇಗರ್ಜಿಗಿಂತ ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ರೈನ್ ನದಿ. ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಇಷ್ಟು ದೇಶ ದಾಟಿ ನೆದರ್ಲೆಂಡ್ಸಿನಲ್ಲಿ ಸಮುದ್ರ ಸೇರುತ್ತದೆ ಎಂದೆ. “ಜಗಳ ಇಲ್ವಾ?” ಇದೆ, ಬೇರೆ ಥರ, ನೀರಿನ ಪಾಲಿಗಿಂತ ಕೊಳೆಯದು. 1950ರಿಂದ ನದಿ ಹರಿಯುವ ಮುಖ್ಯ ದೇಶಗಳು ಸೇರಿ ಒಂದು ಆಯೋಗ ಮಾಡಿಕೊಂಡಿವೆ. ಹಿಂದಿನ ವರ್ಷವಷ್ಟೇ ಕಾವೇರಿಗಾಗಿ ಹೆದ್ದಾರಿಯಲ್ಲಿ ಕೂತು ಬಂದಿದ್ದ ಮನುಷ್ಯ ಸೇತುವೆಯ ಕಂಬಿ ಹಿಡಿದು ಬಹಳ ಹೊತ್ತು ನಿಂತ. ಈ ಮಾತೆಲ್ಲ ಮೊದಲ ವಾರದ ತಿರುಗಾಟದಲ್ಲಿ ಹುಟ್ಟಲಿಲ್ಲ. ಆಗ ಅವನು ನಾನು ಬೆರಳು ಮಾಡಿದ ಕಡೆ ನೋಡುತ್ತಿದ್ದ.

ನಿಲಯದ ಅಡುಗೆಮನೆಯದು ಇನ್ನೊಂದು ಕತೆ, ಅಷ್ಟೇನೂ ಸಲೀಸಾದದ್ದಲ್ಲ. ಎದುರಿಗೆ ಒಬ್ಬರಿರುವಾಗ ಅವರಿಗಿಕ್ಕದೆ ಉಣ್ಣುವುದು ಅವ್ವನಿಗೆ ಬರುವುದಿಲ್ಲ. ಯಾರು ಒಳಗೆ ಬಂದರೂ ಒಂದು ತಟ್ಟೆ ಮುಂದೆ ಹೋಗುತ್ತಿತ್ತು. ಕೆಲವರಿಗೆ ಖುಷಿ, ಕೆಲವರಿಗೆ ಮುಜುಗರ. ಒಲೆ ಬೆಳಗಿನ ಹೊತ್ತೆಲ್ಲ ನಮಗೇ ಹೋಗುತ್ತಿದೆ ಎಂದು ಒಬ್ಬಳು ನನಗೆ ಮೆಲ್ಲಗೆ ಹೇಳಿದಳು, ಅವಳು ಹೇಳಿದ್ದು ಸರಿಯೇ. ಒಬ್ಬ ಹುಡುಗ ಹುರುಳಿಕಾಳಿನ ಸಾರು ಉಂಡು, ತಟ್ಟೆ ತೊಳೆದಿಟ್ಟು, ಮೇಜಿನ ಮೇಲೆ ಎರಡು ಯೂರೊ ನಾಣ್ಯ ಇಟ್ಟು ಹೋದ. “ಅನ್ನಕ್ಕೆ ಕಾಸಿಕ್ಕವ್ನಲ್ಲ!” ಎಂದು ಅವ್ವ ಕೂತುಬಿಟ್ಟಳು. ಅವಮಾನ ಮಾಡಲು ಇಟ್ಟದ್ದಲ್ಲ, ಓದುವ ಹುಡುಗಿಯ ಮೇಲೆ ಭಾರ ಹಾಕಬಾರದೆಂದು ಇಟ್ಟದ್ದು ಎಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ. ಆದರೆ ಮಾರನೆಯ ದಿನವೂ ಅವನಿಗೆ ಇಕ್ಕಿದಳು. ನಮ್ಮ ಕಡೆಯ ಊಟದಲ್ಲಿ ಋಣ ಇರುತ್ತದೆ, ಅದನ್ನು ತೀರಿಸದೆ ಉಳಿಸಿಕೊಳ್ಳುವುದೇ ಸಂಬಂಧ. ಆ ಹುಡುಗನ ಊರಿನಲ್ಲಿ ಋಣ ಉಳಿಸದಿರುವುದು ಮರ್ಯಾದೆ. ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಕೇಳಿದರೆ, ಸಾಲ ಮಾಡಿ ಓದಿದವಳಾಗಿ ನಾನು ನಮ್ಮ ರೀತಿಯನ್ನು ಕಣ್ಣು ಮುಚ್ಚಿ ಹೊಗಳಲಾರೆ.

ಅದೇ ಅಡುಗೆಮನೆಯ ಫ್ರಿಜ್ಜಿನಲ್ಲಿ ನನ್ನ ಹೆಸರು ಬರೆದ ಒಂದು ಅಡ್ಡಹಲಗೆಯನ್ನು ಅವ್ವ ನೋಡಿದಳು. ಒಂದು ಡಬ್ಬಿ ಮೊಸರು, ಅರ್ಧ ಬ್ರೆಡ್ಡು, ನಾಲ್ಕು ಮೊಟ್ಟೆ. ವಿಡಿಯೊ ಕರೆಯಲ್ಲಿ ‘ಊಟ ಆಯ್ತವ್ವಾ’ ಎಂದು ನಾನು ಹೇಳುತ್ತಿದ್ದ ಊಟ ಯಾವುದೆಂದು ಅವಳಿಗೆ ಆಗ ತಿಳಿಯಿತು. ಏನೂ ಅನ್ನಲಿಲ್ಲ. ತಂದೆ ತಾಯಿ ಬರುವುದು ಇಗರ್ಜಿ ನೋಡಲಿಕ್ಕಲ್ಲ, ನಮ್ಮ ತಟ್ಟೆ ನೋಡಲು. ನಾವು ಊರು ತೋರಿಸುವ ಗಡಿಬಿಡಿಯಲ್ಲಿ ಅದನ್ನೇ ಮುಚ್ಚಿಡುತ್ತಿರುತ್ತೇವೆ. ಅಪ್ಪ ಒಂದು ದಿನ ಪ್ರಯೋಗಾಲಯದ ಬಾಗಿಲವರೆಗೆ ಬಂದು, ಗಾಜಿನಾಚೆ ನಾನು ಯಂತ್ರದ ಮುಂದೆ ಕೆಲಸ ಮಾಡುವುದನ್ನು ನೋಡಿ ಹೋದ. ಅವನು ಅಡವಿಟ್ಟ ಜಮೀನಿನ ದುಡ್ಡು ಏನಾಗುತ್ತಿದೆ ಎಂಬ ಪ್ರಶ್ನೆಗೆ ಅಷ್ಟು ನೇರವಾದ ಉತ್ತರವನ್ನು ನಾನು ಬಾಯಲ್ಲಿ ಎಂದೂ ಕೊಟ್ಟಿರಲಿಲ್ಲ.

ಎಲ್ಲವೂ ಹಗುರವಾಗಿತ್ತು ಎಂದರೆ ಸುಳ್ಳು. ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ, ಆದರೆ ಹಳೆಯ ಕಾಯಿಲೆಗೆ ಅಂಥ ವಿಮೆ ಸಾಮಾನ್ಯವಾಗಿ ಒದಗುವುದಿಲ್ಲ. ಬಿ.ಪಿ. ಮಾತ್ರೆ, ಮಂಡಿನೋವಿನ ಮಾತ್ರೆಗಳನ್ನು ಅಷ್ಟೂ ದಿನಕ್ಕೆ ಊರಿನಿಂದಲೇ ಹೊತ್ತು ತರಬೇಕು. ಭಾನುವಾರ ಅಂಗಡಿಗಳೇ ಇಲ್ಲ, ರಾತ್ರಿ ಹತ್ತರ ಮೇಲೆ ಜೋರು ಮಾತಿಲ್ಲ. ಮಂಡ್ಯದವರಿಗೆ ಮೆಲ್ಲಗೆ ಮಾತಾಡಿ ಎಂದರೆ ಅದು ಉಪವಾಸಕ್ಕಿಂತ ಕಷ್ಟ. ಅವ್ವ ಊರಿಗೆ ಫೋನು ಮಾಡಿ ಹಸುವಿನ ಸಮಾಚಾರ ಕೇಳುವಾಗ ಪಕ್ಕದ ಮನೆಯವರಿಗೂ ನಮ್ಮ ಹಸುವಿನ ಸಮಾಚಾರ ತಿಳಿಯುತ್ತಿತ್ತು.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ, ಮನೆಯವರನ್ನು ಯಾವಾಗ ಕರೆಸಿಕೊಳ್ಳಬೇಕು, ಎಲ್ಲೆಲ್ಲಿ ತೋರಿಸಬೇಕು ಎಂದು. ಪರೀಕ್ಷೆ ಇಲ್ಲದಾಗ, ರಜೆ ಇರುವಾಗ ಕರೆಸಿಕೊಳ್ಳಿ ಎಂದು ಎಲ್ಲರೂ ಹೇಳುವುದು ವಾಡಿಕೆ. ನಾನು ತದ್ವಿರುದ್ಧ ಹೇಳುತ್ತೇನೆ. ರಜೆಯಲ್ಲಿ ಕರೆಸಿಕೊಂಡರೆ ನೀವು ಮಾರ್ಗದರ್ಶಿಗಳಾಗುತ್ತೀರಿ, ಅವರು ಪ್ರವಾಸಿಗಳಾಗುತ್ತಾರೆ, ಇಬ್ಬರಿಗೂ ಫೋಟೊ ಮಾತ್ರ ಉಳಿಯುತ್ತದೆ. ತರಗತಿ ನಡೆಯುತ್ತಿರುವಾಗ, ಕೈತುಂಬ ಕೆಲಸ ಇರುವಾಗ ಕರೆಸಿಕೊಳ್ಳಿ. ವಿಳಾಸವನ್ನು ಕನ್ನಡದಲ್ಲೂ ಬರೆದು ಕೊಡಿ, ಬಸ್ಸಿನ ಟಿಕೆಟ್ ಮಾಡಿಸಿ, ಸಂತೆ ಎಲ್ಲಿ ಕೂಡುತ್ತದೆ ಎಂದು ಹೇಳಿ. ಮನೆಯ ಇನ್ನೊಂದು ಬೀಗದ ಕೈಯನ್ನು ಅವರು ಬಂದ ದಿನವೇ ಕೊಟ್ಟುಬಿಡಿ, ಎರಡನೇ ವಾರದವರೆಗೆ ಕಾಯಬೇಡಿ.